ಹಿಂದಿನ ರೂಮಿನ ಲೈನು

ಮೇ 6, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಮೀಟರ್ ನೋಡ್ದೆ. ಶನಿವಾರ ಮಧ್ಯಾಹ್ನದಿಂದ ಇವತ್ತಿಗೆ ಐವತ್ತೆರಡು ಯೂನಿಟ್. ಇರೋದೇ ಎರಡು ರೂಮು. ಗೆಸ್ಟ್‌ಗಳು ಏಳಕ್ಕೇ ಹೊರಟುಹೋಗಿದ್ರು. ಒಳಗೆ ಹೋದ್ರೆ ಎರಡೂ ಎಸಿ ಹದಿನೆಂಟರಲ್ಲಿ ಓಡ್ತಿವೆ. ಕಿಟಕಿ ಬೇರೆ ತೆಗೆದಿದೆ. ಗೀಸರ್ ಲೈಟು ಕೆಂಪಗೆ ಉರೀತಿದೆ, ಸ್ನಾನ ಮಾಡೋರು ಯಾರೂ ಇಲ್ಲ.

ಮಹಾಲಿಂಗಯ್ಯನೋರ ಫೋನು. ಮನೆ ಅವ್ರದ್ದು. ತುಮಕೂರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಕೊಂಡು, ಇಲ್ಲಿ ಕುಣಿಗಲ್ ಹತ್ರ ತೋಟದ ಮನೇನ ದಿನದ ಬಾಡಿಗೆಗೆ ಬಿಟ್ಟಿದಾರೆ. ನೋಡ್ಕೊಳ್ಳೋನು ನಾನು.

"ಜಹೀರಣ್ಣ, ನಾನು ಮನೆ ಬಾಡಿಗೆಗೆ ಕೊಡ್ತಿದೀನೋ, ಕರೆಂಟು ದಾನ ಮಾಡ್ತಿದೀನೋ? ಮೂವತ್ತು ವರ್ಷ ಮೋಟರ್ ವೈಂಡಿಂಗ್ ಮಾಡ್ದೋರು ನೀವು. ಏನಾದ್ರೂ ದಾರಿ ಹುಡುಕಿ. ಹಿಂಗೇ ಆದ್ರೆ ಮುಚ್ಚಿಬಿಡ್ತೀನಿ."

ಮುಚ್ಚಿದ್ರೆ ನಾನೆಲ್ಲಿಗೆ ಹೋಗ್ಲಿ. ವೈಂಡಿಂಗ್ ಅಂಗಡಿ ಬಿಟ್ಟಾಯ್ತು. ಸಣ್ಣ ತಂತಿ ಕಣ್ಣಿಗೆ ಕಾಣಲ್ಲ. ಐವತ್ತೊಂಬತ್ತು ನಡೀತಿದೆ.

ಯೋಚಿಸ್ಬೇಕು.

ಮೇ 9, ಗುರುವಾರ

ಆಯ್ತು. ಎರಡು ದಿನದ ಕೆಲಸ. ಎರಡೂ ರೂಮಿನ ಎಸಿ, ಗೀಸರ್, ದೊಡ್ಡ ಪವರ್ ಪ್ಲಗ್ — ಎಲ್ಲ ಒಂದೇ ಲೈನಿಗೆ ತಂದೆ. ಲೈಟು ಫ್ಯಾನು ಬೇರೆ. ಹಿಂದಿನ ರೂಮಿನ ಕಿಟಕಿ ಪಕ್ಕ, ಹೊರಗೋಡೆಗೆ ಒಂದು ಡಬ್ಬ, ಅದ್ರೊಳಗೆ ಒಂದು ಸ್ವಿಚ್ಚು. ಗೆಸ್ಟ್‌ಗಳ ಕಾರು ಗೇಟು ದಾಟಿದ ತಕ್ಷಣ ಕೆಳಗೆಳೆಯೋದು. ವಾಪಸ್ ಬರೋಷ್ಟರಲ್ಲಿ ಮೇಲೆತ್ತೋದು. ಅವ್ರಿಗೆ ಗೊತ್ತೇ ಆಗಲ್ಲ.

ಕೈ ಇನ್ನೂ ಕೆಲಸ ಮರೆತಿಲ್ಲ. ಖುಷಿಯಾಯ್ತು.

ಮೇ 13, ಸೋಮವಾರ

ಅದೇ ಶನಿವಾರ–ಭಾನುವಾರ, ಅಷ್ಟೇ ಜನ. ಇಪ್ಪತ್ತೊಂಬತ್ತು ಯೂನಿಟ್. ಮಹಾಲಿಂಗಯ್ಯನೋರು, "ನಿಮ್ಮ ಕೈಗೆ ಚಿನ್ನದ ಬಳೆ ಹಾಕ್ಬೇಕು ಕಣ್ರೀ" ಅಂದ್ರು.

ಹೆಂಡ್ತಿ ಹಜರಾಗೆ ಫೋನ್ ಮಾಡಿ ಹೇಳ್ದೆ. ತುಮಕೂರಲ್ಲಿ ಮನೇಲಿ ಒಬ್ಬಳೇ ಇದಾಳೆ. ಎಲ್ಲ ಕೇಳಿಸ್ಕೊಂಡು ಒಂದೇ ಪ್ರಶ್ನೆ. "ಬಂದೋರಿಗೆ ಹೇಳಿದೀರಾ?"

ಹೇಳಿದ್ರೆ ಬೇಡ ಅಂತಾರೆ, ಅದಕ್ಕೇ ಹೇಳಿಲ್ಲ ಅಂದೆ.

ಮೇ 16, ಗುರುವಾರ, ಸಂಜೆ

ಗುಬ್ಬಿಯಿಂದ ಒಂದು ಕುಟುಂಬ ಬಂದಿದೆ. ದೀಪಿಕಾ ಅಂತ, ಹೈಸ್ಕೂಲ್ ಟೀಚರ್. ಗಂಡ ಕಿರಣ್‌ಕುಮಾರ್. ಜೊತೆಗೆ ಆಕೆಯ ತಾಯಿ ಶಿವರುದ್ರಮ್ಮ, ಎಪ್ಪತ್ತು ದಾಟಿದೆ. ಶ್ವಾಸಕೋಶದ ಕಾಯಿಲೆ. ಮೂಗಿಗೆ ಪೈಪು, ಪಕ್ಕದಲ್ಲಿ ಆಕ್ಸಿಜನ್ ಮಿಷಿನ್ನು. ಯಡಿಯೂರು ದೇವಸ್ಥಾನಕ್ಕೆ ಹೋಗ್ಬೇಕು ಅಂತ ಎರಡು ವರ್ಷದಿಂದ ಹಟವಂತೆ. ಒಂದೇ ದಿನ ಹೋಗಿ ಬರೋಕೆ ದೇಹ ತಡೆಯಲ್ಲ. ಅದಕ್ಕೇ ಇಲ್ಲಿ ಎರಡು ದಿನ ಉಳ್ಕೊಂಡು, ನಾಳೆ ಮಧ್ಯಾಹ್ನ ಸಣ್ಣ ಸಿಲಿಂಡರ್ ಇಟ್ಕೊಂಡು ಹೋಗಿ ಬರೋದು.

ಮಿಷಿನ್ ಎಲ್ಲಿ ಹಾಕೋದು ಅಂತ ಕೇಳಿದ್ರು. ಹಿಂದಿನ ರೂಮಿನ ದೊಡ್ಡ ಪ್ಲಗ್ ನಾನೇ ತೋರಿಸ್ದೆ. ನಾನೇ ಚುಚ್ಚಿಕೊಟ್ಟೆ.

"ಉಸಿರಾಡಕ್ಕೂ ಕರೆಂಟ್ ಬೇಕಾಗೋಯ್ತು ನೋಡಿ ಸಾಬ್ರೆ," ಅಂದು ನಕ್ಕರು ಅಮ್ಮ.

ಮೇ 17, ಶುಕ್ರವಾರ, ಮಧ್ಯಾಹ್ನ 3

ಈಗ ಬರೆಯೋಕಾಗಲ್ಲ. ಆಮೇಲೆ ಬರೀತೀನಿ.

ಸಂಜೆ 6

ಬರೀಬೇಕು. ಇಲ್ಲಾದ್ರೂ ನಿಜ ಇರ್ಲಿ.

ಹನ್ನೆರಡೂ ಮುಕ್ಕಾಲು. ಹಿತ್ತಲಲ್ಲಿ ಟ್ಯಾಂಕಿಗೆ ನೀರು ಬಿಡ್ತಿದ್ದೆ. ಕಾರು ಹೊರಟ ಸದ್ದು. ಮೂರೂ ಜನ ಹೋದ್ರು ಅಂದ್ಕೊಂಡೆ. ನೋಡ್ಲಿಲ್ಲ, ಎಣಿಸ್ಲಿಲ್ಲ. ಡಬ್ಬ ತೆಗೆದು ಸ್ವಿಚ್ ಎಳೆದೆ. ಜುಮ್ಮಾ ನಮಾಜಿಗೆ ಟೈಮಾಗಿತ್ತು. ಫೋನ್ ಸೈಲೆಂಟ್ ಮಾಡಿ ಜೇಬಿಗೆ ಹಾಕ್ಕೊಂಡು ಗಾಡಿ ಹತ್ತಿ ಕುಣಿಗಲ್‌ಗೆ ಹೋದೆ.

ಎರಡು ಗಂಟೆ ಹತ್ತಕ್ಕೆ ವಾಪಸ್. ಗೇಟು ತೆಗೀತಿದ್ದಂಗೇ ಒಳಗಿಂದ ಕೀಂ… ಕೀಂ… ಅಂತ ಸದ್ದು. ಓಡ್ದೆ. ಹಿಂದಿನ ರೂಮು. ಫ್ಯಾನು ತಿರುಗ್ತಿದೆ, ಲೈಟು ಇದೆ. ಮಿಷಿನ್ ಮಾತ್ರ ನಿಂತಿದೆ, ಅದ್ರ ಅಲಾರಂ ಕೂಗ್ತಿದೆ. ಅಮ್ಮ ನೆಲದ ಮೇಲೆ ಕೂತು ಮಂಚಕ್ಕೆ ತಲೆ ಕೊಟ್ಟಿದಾರೆ. ತುಟಿ ನೀಲಿ. ಕಣ್ಣು ತೆರೆದಿದೆ. ನನ್ನನ್ನೇ ನೋಡ್ತಿದಾರೆ. ಮಾತಿಲ್ಲ.

ಹೊರಗೆ ಓಡಿ ಸ್ವಿಚ್ ಎತ್ತಿದೆ. ಒಳಗೆ ಓಡ್ದೆ. ಮಿಷಿನ್ ಶುರುವಾಯ್ತು. ಪೈಪು ಮೂಗಿಗೆ ಸರಿಯಾಗಿ ಇಟ್ಟು, ಬೆನ್ನಿಗೆ ದಿಂಬು ಕೊಟ್ಟೆ. ಹತ್ತು ನಿಮಿಷಕ್ಕೆ ತುಟಿಗೆ ಬಣ್ಣ ಬಂತು.

ಆಮೇಲೆ ಫೋನ್ ನೋಡ್ದೆ. ದೀಪಿಕಾ ಅವ್ರದ್ದು ಎರಡು ಮಿಸ್ಡ್ ಕಾಲ್. ಒಂದು ವಾಯ್ಸ್ ಮೆಸೇಜ್. "ಅಂಕಲ್, ಹೊರಡೋ ಟೈಮಿಗೆ ಅಮ್ಮಂಗೆ ಸುಸ್ತಾಯ್ತು. ನೀವು ಹೋಗ್ಬನ್ನಿ, ನಂಗೆ ಪ್ರಸಾದ ತನ್ನಿ ಅಂತ ಹಟ ಮಾಡಿದ್ರು. ಹಿಂದಿನ ರೂಮಲ್ಲೇ ಇದಾರೆ. ಒಂದೂವರೆ ಗಂಟೇಲಿ ಬಂದ್ಬಿಡ್ತೀವಿ. ಸ್ವಲ್ಪ ನೋಡ್ಕೊಳ್ಳಿ."

ಅವ್ರು ಬಂದ್ರು. ಏನಾಯ್ತು ಅಂತ ಕೇಳಿದ್ರು. ಫ್ಯಾನು ತಿರುಗ್ತಿದ್ದುದು ಹೇಳ್ದೆ, ಕರೆಂಟ್ ಹೋಗಿರಲಿಲ್ಲ ಅಂತಾಯ್ತು. ಮತ್ತೆ ಮಿಷಿನ್ ಯಾಕೆ ನಿಲ್ತು?

ನನ್ನ ಬಾಯಿಂದ ಬಂತು — "ಪ್ಲಗ್ ಲೂಸ್ ಇತ್ತು ಮೇಡಂ."

ದೀಪಿಕಾ ಮುಖ ಬಿಳಿಚ್ಕೊಳ್ತು. "ಬೆಳಿಗ್ಗೆ ಫೋನ್ ಚಾರ್ಜ್ ಹಾಕಕ್ಕೆ ನಾನೇ ಪ್ಲಗ್ ತೆಗ್ದು ಮತ್ತೆ ಹಾಕ್ದೆ…" ಅಂದ್ರು.

ನಾನು ಸುಮ್ನಿದ್ದೆ.

ಮೇ 18, ಶನಿವಾರ

ಬೆಳಿಗ್ಗೇನೇ ಗುಬ್ಬಿಗೆ ಹೊರಟ್ರು. ಅಮ್ಮನ ದರ್ಶನ ಆಗ್ಲೇ ಇಲ್ಲ. ದೀಪಿಕಾ ಕೈ ಮುಗಿದ್ರು. "ನೀವು ಬರದಿದ್ರೆ ಅಮ್ಮ ಇರ್ತಿರ್ಲಿಲ್ಲ ಅಂಕಲ್."

ಅಮ್ಮ ಕಾರಿನೊಳಗಿಂದ ನೋಡಿದ್ರು. ಏನೂ ಅನ್ಲಿಲ್ಲ.

ಮೇ 21, ಮಂಗಳವಾರ

ಎರಡು ದಿನ ಬರೀಲಿಲ್ಲ. ಎಲ್ಲಿ ಏನು ಕೀಂ ಅಂದ್ರೂ — ಗಾಡಿ ಹಾರನ್, ಕುಕ್ಕರ್ — ಎದ್ದು ನಿಲ್ತೀನಿ.

ಮಹಾಲಿಂಗಯ್ಯನೋರು ಖುಷಿಯಾಗಿ ಫೋನ್ ಮಾಡಿದ್ರು. ದೀಪಿಕಾ ಆ್ಯಪ್‌ನಲ್ಲಿ ಐದು ಸ್ಟಾರ್ ಕೊಟ್ಟು ಬರ್ದಿದಾರಂತೆ. 'ಕೇರ್‌ಟೇಕರ್ ಜಹೀರ್ ಅಂಕಲ್ ಸಮಯಕ್ಕೆ ಬಂದು ಅಮ್ಮನ ಜೀವ ಉಳಿಸಿದರು.' ಓದಿ ಹೇಳಿದ್ರು. ತಿಪಟೂರು ರಸ್ತೇಲಿ ಇನ್ನೊಂದು ಮನೆ ರೆಡಿಯಾಗ್ತಿದೆ, ಅಲ್ಲೂ ಅದೇ ಸ್ವಿಚ್ ಹಾಕ್ಬೇಕಂತೆ.

ಸಂಜೆ ಬಸ್ ಹತ್ತಿ ಮನೆಗೆ ಹೋದೆ. ಹಜರಾಗೆ ಎಲ್ಲ ಹೇಳ್ದೆ. ಬೈತಾಳೆ ಅಂದ್ಕೊಂಡಿದ್ದೆ. ಬೈಲಿಲ್ಲ.

"ಸ್ವಿಚ್ ಎಳೆದಿದ್ದು ಗೊತ್ತಿಲ್ದೆ ಆಗಿದ್ದು. ಪ್ಲಗ್ ಅಂದಿದ್ದು ಗೊತ್ತಿದ್ದೂ ಅಂದಿದ್ದು," ಅಂದ್ಲು.

ಮೇ 22, ಬುಧವಾರ

ಧೈರ್ಯ ಮಾಡಿ ಗುಬ್ಬಿಗೆ ಫೋನ್ ಮಾಡ್ದೆ. ಕಿರಣ್‌ಕುಮಾರ್ ಎತ್ತಿದ್ರು. ಭಾನುವಾರದಿಂದ ಅಮ್ಮ ತುಮಕೂರಲ್ಲಿ ಆಸ್ಪತ್ರೇಲಿ, ಐಸಿಯು. ಎದೇಲಿ ಇನ್‌ಫೆಕ್ಷನ್ ಅಂತೆ.

"ಅವತ್ತಿನದ್ರಿಂದ ಆಗಿದ್ದಾ ಸರ್?"

"ಡಾಕ್ಟ್ರು ಹಂಗೂ ಹೇಳಲ್ಲ, ಹಿಂಗೂ ಹೇಳಲ್ಲ."

ಮೇ 23, ಗುರುವಾರ

ಆಸ್ಪತ್ರೆಗೆ ಹೋದೆ. ಎರಡು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ದೀಪಿಕಾ ಬಂದು, "ಇಷ್ಟು ದೂರ ಯಾಕ್ ಬಂದ್ರಿ ಅಂಕಲ್" ಅಂತ ಟೀ ತರಿಸಿಕೊಟ್ರು. ಕುಡಿದೆ. ಎದ್ದು ಬಂದೆ. ಹೇಳ್ಲಿಲ್ಲ.



ಮೇ 24, ಶುಕ್ರವಾರ

ಹೇಳ್ದೆ.

ನಮಾಜ್ ಮುಗಿಸಿ ನೇರ ಹೋದೆ. ಐಸಿಯು ಹೊರಗೆ ದೀಪಿಕಾ ಒಬ್ಬರೇ ಇದ್ರು. ಕೂರ್ಲಿಲ್ಲ ನಾನು. "ಪ್ಲಗ್ ಲೂಸ್ ಇರ್ಲಿಲ್ಲ ಮೇಡಂ. ಕರೆಂಟ್ ಉಳಿಸಕ್ಕೆ ಅಂತ ಹೊರಗಡೆ ಒಂದು ಸ್ವಿಚ್ ಮಾಡಿದ್ದೆ. ರೂಮಲ್ಲಿ ಯಾರೂ ಇಲ್ಲ ಅಂದ್ಕೊಂಡು ನಾನೇ ಆಫ್ ಮಾಡ್ದೆ. ನಿಮ್ಮ ಮೆಸೇಜ್ ಆಮೇಲೆ ಕೇಳಿಸ್ಕೊಂಡೆ. ಸುಳ್ಳು ಹೇಳ್ದೆ."



"ಎಷ್ಟೊತ್ತು ಆಫ್ ಇತ್ತು?"

"ಒಂದು ಗಂಟೆ ಇಪ್ಪತ್ತೈದು ನಿಮಿಷ."

ಗೋಡೆಗೆ ಒರಗಿದ್ರು. ದನಿ ಏರಿಸ್ಲಿಲ್ಲ. "ಒಂದು ವಾರದಿಂದ ಎದ್ದೆದ್ದು ಪ್ಲಗ್ ಒತ್ತಿ ನೋಡ್ತಿದೀನಿ ಅಂಕಲ್. ಫ್ರಿಜ್ದು, ಮಿಕ್ಸೀದು, ಎಲ್ಲಾದ್ರದ್ದೂ. ಅಮ್ಮನ್ನ ನಾನೇ ಕೊಂದೆ ಅಂತ ನನ್ನ ಗಂಡಂಗೆ ದಿನಾ ಹೇಳ್ತಿದೀನಿ. ನಿನ್ನೆ ನನ್ನ ಎದುರಿಗೇ ಕೂತು ಟೀ ಕುಡಿದ್ರಲ್ಲ ನೀವು."



"ಹೋಗಿ," ಅಂದ್ರು. "ಈಗ ಹೋಗಿ."

ಮೆಟ್ಟಿಲು ಇಳಿದು ಹೊರಟೆ.

ಮೇ 26, ಭಾನುವಾರ

ಮಹಾಲಿಂಗಯ್ಯನೋರಿಗೂ ಹೇಳ್ಬಿಟ್ಟೆ.

"ಯಾರಿಗೂ ಗೊತ್ತಿರ್ಲಿಲ್ವಲ್ಲ. ಕೇಸ್ ಹಾಕಿದ್ರೆ ನನ್ನ ಹೆಸರೂ ಬರುತ್ತೆ. ನೀವು ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರಿ ಸಾರ್."

"ತಿಂಗಳ ಕೊನೆಗೆ ನಿಮ್ಮ ವಿಷ್ಯ ನೋಡೋಣ," ಅಂತ ಇಟ್ಟುಬಿಟ್ರು. ಹೋಗು ಅಂತ್ಲೋ ಇರು ಅಂತ್ಲೋ ಗೊತ್ತಿಲ್ಲ.

ಡಬ್ಬ ಬಿಚ್ಚಿ ಹಾಕ್ದೆ. ಪವರ್ ಪ್ಲಗ್ ಬೇರೆ ಲೈನಿಗೆ ಕೊಟ್ಟೆ, ಅದಕ್ಕೆ ಹೊರಗಿಂದ ಯಾರ ಕೈಯೂ ತಾಗಲ್ಲ. ಗೀಸರಿಗೆ ಮಾತ್ರ ಇಪ್ಪತ್ತು ನಿಮಿಷದ ಟೈಮರ್. ಎರಡೂ ರೂಮಲ್ಲಿ ಬರ್ದು ಅಂಟಿಸ್ದೆ: 'ಎಸಿ 26ರಲ್ಲಿ ಇಡಿ. ಹೊರಗೆ ಹೋಗುವಾಗ ದಯವಿಟ್ಟು ನೀವೇ ಆರಿಸಿ. ನಾವು ಆರಿಸುವುದಿಲ್ಲ.'

ಯೂನಿಟ್ ಏರ್ಬಹುದು. ಏರ್ಲಿ.

ಮೇ 28, ಮಂಗಳವಾರ

ಗುಬ್ಬಿಯೋರ ಫೋನಿಲ್ಲ. ಆಸ್ಪತ್ರೆಗೆ ಹೋಗೋ ಮುಖ ಇಲ್ಲ. ಹಜರಾ ನನಗೆ ಹೇಳದೇನೇ ಹೋಗಿದ್ಲು. ಒಳಗೆ ಬಿಡ್ಲಿಲ್ಲವಂತೆ. ಉಸಿರಾಟ ನಡೀತಿದೆ ಅಂತ ನರ್ಸ್ ಅಂದ್ರಂತೆ. ಅಷ್ಟೇ.

ಮೇ 30, ಗುರುವಾರ, ಬೆಳಿಗ್ಗೆ 11

ದೀಪಿಕಾ ನಂಬರ್. ಎತ್ತಿದೆ.

"ಅಮ್ಮನ್ನ ನೆನ್ನೆ ವಾರ್ಡಿಗೆ ಹಾಕಿದ್ರು. ನಿಮ್ಮ ಹತ್ರ ಮಾತಾಡ್ಬೇಕಂತೆ." ಅಂಕಲ್ ಅನ್ಲಿಲ್ಲ. ಫೋನು ಕೈ ಬದಲಾಯ್ತು.

ಸಣ್ಣ ದನಿ. ಎರಡು ಮಾತಿಗೊಂದು ಉಸಿರು.

"ಸಾಬ್ರೆ… ಅವತ್ತು ಕಿಟಕಿ ಪರದೆ ಮೇಲೆ ನಿಮ್ಮ ನೆರಳು ಕಂಡಿತ್ತು. ಟಕ್ ಅಂದಿದ್ದೂ ಕೇಳಿಸ್ತು. ಕೂಗ್ದೆ. ದನಿ ಬರ್ಲಿಲ್ಲ."

ಗೊತ್ತಿತ್ತು. ಅವತ್ತಿಂದ ಗೊತ್ತಿತ್ತು ಅವ್ರಿಗೆ.

"ಯಾಕಮ್ಮ ಹೇಳ್ಲಿಲ್ಲ?" ಅಂದೆ.

"ಮೊದ್ಲು ಮಾತು ಬರ್ತಿರ್ಲಿಲ್ಲ. ಆಮೇಲೆ… ಹೇಳಿದ್ರೆ ನನ್ ಮಗಳು ನಿಮ್ಮನ್ನ ಬಿಡ್ತಿರ್ಲಿಲ್ಲ. ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ. ಅವ್ಳು ಪ್ಲಗ್ ಪ್ಲಗ್ ಅಂತ ಒದ್ದಾಡ್ತಾಳೆ ಅಂತ ಗೊತ್ತಿರ್ಲಿಲ್ಲ ಕಣಪ್ಪ. ಗೊತ್ತಿದ್ರೆ ಸನ್ನೇಲಾದ್ರೂ ಹೇಳ್ತಿದ್ದೆ. ತಡ ಮಾಡ್ಬಿಟ್ರಿ ನೀವು. ತುಂಬ ತಡ."

ಬೈದಿದ್ರೆ ತಡ್ಕೋತಿದ್ದೆ. ಬೈಲಿಲ್ಲ. ಆ ಕಡೆ ದೀಪಿಕಾ, ಸಾಕಮ್ಮ, ಇಡು ಅಂತಿದಾರೆ. ಅಮ್ಮ ಇಡ್ತಿಲ್ಲ. ಉಸಿರು ತಗೊಳ್ತಾ ಕಾಯ್ತಿದಾರೆ, ನಾನೇನಂತೀನಿ ಅಂತ.

ಅಮ್ಮ ಅಂದೆ. ತಪ್ಪಾಯ್ತು ಅಂತ ಹೇಳ್ದೆ.