ನೂರಾ ಹದಿನೇಳನೆಯ ಹಾಳೆ

ಬಾಟಂಬಾಂಗ್, ಕಾಂಬೋಡಿಯ
ಅಕ್ಟೋಬರ್ 4, 2012

ಪ್ರೀತಿಯ ಮಗಳು ಮಾಲಿಸ್‌ಗೆ,

ಹೇಗಿದ್ದೀಯ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ, ಈಗ ಕಡಿಮೆಯಾಯಿತೇ? ಉಪ್ಪು ಹಾಕಿದ ನಿಂಬೆಯ ಸೀಸೆಯನ್ನು ಮೆಲ್ಬರ್ನಿಗೆ ಯಾರ ಕೈಲಿ ಕಳಿಸುವುದೆಂದು ನಿಮ್ಮಮ್ಮ ಇನ್ನೂ ಜನ ಹುಡುಕುತ್ತಿದ್ದಾಳೆ. ನಾವೆಲ್ಲ ಕ್ಷೇಮ ಎಂದು ಬರೆಯಲು ಮಾತ್ರ ಕೈ ಬರುತ್ತಿಲ್ಲ. ಪ್ಚುಂ ಬೆನ್ ಶುರುವಾಗಿ ನಾಲ್ಕು ದಿನವಾಯಿತು. ಸತ್ತವರಿಗೆ ಅನ್ನದ ಉಂಡೆ ಇಡಲು ಬೆಳಗಿನ ಜಾವ ವಿಹಾರಕ್ಕೆ ಈ ಸಲ ನಾನೊಬ್ಬನೇ ಹೋಗಿ ಬರುತ್ತಿದ್ದೇನೆ. ಭಿಕ್ಷುಗಳು ಓದಲೆಂದು ನಮ್ಮ ಮನೆಯ ಸತ್ತವರ ಹೆಸರುಗಳನ್ನು ಪ್ರತಿವರ್ಷ ಚೀಟಿಯಲ್ಲಿ ದುಂಡಗೆ ಬರೆದುಕೊಡುವವಳು ನಿನ್ನ ಅಜ್ಜಿಯಲ್ಲವೇ? ಈ ವರ್ಷ ಪೆನ್ನು ಮುಂದೆ ಹಿಡಿದರೆ ಕೈ ಹಿಂದಕ್ಕೆಳೆದುಕೊಂಡಳು. "ನಂಗೆಲ್ಲಿ ಅಕ್ಷರ ಬರುತ್ತೆ ಮಗಾ?" ಅಂದಳು. ಹನ್ನೆರಡು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು.

ಇದನ್ನು ಫೋನಿನಲ್ಲಿ ಹೇಳೋಣವೆಂದರೆ ಅವಳು ಪಕ್ಕದಲ್ಲೇ ಕೂತಿರುತ್ತಾಳೆ. ಅದಕ್ಕೇ ಈ ಕಾಗದ.

ನಿಮ್ಮ ಪ್ರಾಧ್ಯಾಪಕರ ತಂಡದ ವರದಿ ಕಳಿಸಿದ್ದೆಯಲ್ಲ, ಓದಿದೆ. ಯುದ್ಧ, ಹಸಿವು, ಸಾವು ಕಂಡ ಮುದುಕರ ಮನಸ್ಸಿನ ಗಾಯವನ್ನು ಅಳೆಯುವ ಇಪ್ಪತ್ತೆರಡು ಪ್ರಶ್ನೆಗಳು. ಪ್ರತಿಯೊಂದಕ್ಕೂ 'ಇಲ್ಲವೇ ಇಲ್ಲ', 'ಸ್ವಲ್ಪ', 'ಸಾಕಷ್ಟು', 'ವಿಪರೀತ' ಎಂಬ ನಾಲ್ಕೇ ಉತ್ತರಗಳು. ಎರಡು ವಾರ ಬಿಟ್ಟು ಅವರನ್ನೇ ಅವೇ ಪ್ರಶ್ನೆ ಕೇಳುವುದು, ಉತ್ತರ ತಾಳೆಯಾದರೆ ಅಳತೆಗೋಲು ನಂಬಿಕೆಗೆ ಯೋಗ್ಯ ಎನ್ನುವುದು. ಚೆನ್ನಾಗಿದೆ. ನೂರಾ ಹದಿನೇಳನೆಯ ಹಾಳೆಯಲ್ಲಿ ಎರಡು ಸಲದ ಉತ್ತರವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಾಳೆಯಾಗಿದೆ, ಅದನ್ನೇ ಸಭೆಯಲ್ಲಿ ಮಾದರಿಯೆಂದು ತೋರಿಸಿದೆವು ಎಂದು ನೀನು ಸಂತೋಷದಿಂದ ಬರೆದಿದ್ದೆ. ಯೆಮ್ ಎಂಬ ಹೆಂಗಸು, ಮೀನು ಮಾರುವವಳು, ಓದುಬರಹ ಇಲ್ಲ, ಹೆಬ್ಬೆಟ್ಟು. ಇಪ್ಪತ್ತೆರಡಕ್ಕೂ 'ಇಲ್ಲವೇ ಇಲ್ಲ'.

ಮಗಳೇ, ಆ ಯೆಮ್ ನಿನ್ನ ಅಜ್ಜಿ ಕೇಸೋರ್. ನೂರಾ ಹದಿನೇಳು ಎಂದು ಬರೆದ ನಿಮ್ಮ ತಂಡದ ಕಾರ್ಡು ನಮ್ಮ ಅಕ್ಕಿಯ ಮಡಕೆಯೊಳಗೆ ಸಿಕ್ಕಿತು.

ನಿಮ್ಮವರು ಬಂದಾಗ ನಾನು ಶಾಲೆಯಲ್ಲಿದ್ದೆ. ಪಕ್ಕದ ಮನೆಯ ತೌಚ್ ಎಲ್ಲವನ್ನೂ ಕಂಡವಳು. ಒಬ್ಬ ಹುಡುಗ, ಒಬ್ಬಳು ಹುಡುಗಿ, ಕೈಯಲ್ಲಿ ಹಲಗೆ, ಕಾಗದ, ಪೆನ್ನು. ಮರ್ಯಾದಸ್ಥ ಮಕ್ಕಳೇ ಅಂತೆ, ಚಪ್ಪಲಿ ಕೆಳಗೇ ಬಿಟ್ಟು ಮೆಟ್ಟಿಲು ಹತ್ತಿದವು. ಕೆಟ್ಟ ಕನಸು ಬೀಳುತ್ತಾ ಅಜ್ಜಿ ಎಂದು ಕೇಳಿದ್ದಕ್ಕೆ ಇವಳು, "ಮೀನು ಮಾರೋಳಿಗೆ ಕನಸು ಯಾವ್ದಪ್ಪಾ, ಬಿದ್ಕೊಂಡ್ರೆ ಕೋಳಿ ಕೂಗಿದಾಗ್ಲೇ ಎಚ್ಚರ" ಅಂದಳಂತೆ. ತೌಚ್ ನಗುತ್ತ ನನಗೆ ವರದಿ ಒಪ್ಪಿಸಿದಳು: "ಏನಣ್ಣಾ, ನಿಮ್ಮಮ್ಮ ಯಾವ ಜನ್ಮದಲ್ಲಿ ಮೀನು ಮಾರಿದ್ರು? ನಮ್ಮನೇಲಿ ಮೀನು ಹುರಿದ್ರೆ ಕಿಟಕಿ ಹಾಕ್ಕೊಳ್ಳೋರು." ನಾನೂ ನಕ್ಕೆ. ಮುದುಕಿಯ ಕುಚೇಷ್ಟೆ ಅಂದುಕೊಂಡೆ. ಎರಡು ವಾರಕ್ಕೆ ಅದೇ ಹುಡುಗ, ಅದೇ ಹುಡುಗಿ, ಅವೇ ಪ್ರಶ್ನೆ. ಆ ಸಂಜೆಯಿಂದ ಅವಳು ಪತ್ರಿಕೆ ಮುಟ್ಟಿಲ್ಲ. ಕನ್ನಡಕ ಕಾಣಿಸುತ್ತಿಲ್ಲ. ದಿಂಬಿನ ಬಳಿ ಒಂದು ಗಂಟು ಇದೆ: ಒಂದು ಚಮಚ, ಒಂದಿಷ್ಟು ಉಪ್ಪು, ಹಳೆಯ ಕಪ್ಪು ರವಿಕೆ.

ನಿನಗೆ ಒಂದು ಸಂಗತಿ ನಾನು ಯಾವತ್ತೂ ಹೇಳಲಿಲ್ಲ. ಶಾಲೆಯಲ್ಲಿ ಇತಿಹಾಸ ಕಲಿಸುವವನಾದ ನನ್ನದೇ ತಪ್ಪು. ಎಲ್ಲರಿಗೂ ಕಪ್ಪು ಬಟ್ಟೆ ತೊಡಿಸಿ, ಕೈಗೊಂದು ಚಮಚ ಕೊಟ್ಟು ಖ್ಮೇರ್ ರೂಜ್ ಆಳಿದ ಆ ಮೂರು ವರ್ಷ ಎಂಟು ತಿಂಗಳಲ್ಲಿ ಅವರೂ ಹೀಗೆಯೇ ಬರುತ್ತಿದ್ದರು. ಎಳೆಯ ಮುಖದವರು, ಕಾಗದ, ಪೆನ್ನು. ಮೆತ್ತಗೆ ಕೇಳುತ್ತಿದ್ದರು: ಹೆಸರೇನು, ಮೊದಲು ಏನು ಕೆಲಸ, ಮನಸ್ಸಿಗೆ ಏನಾದರೂ ಬೇಸರವೇ? ಓದಿದವರು, ಬೇಸರ ಇದೆ ಎಂದವರು ಹೊಸ ಆಡಳಿತದ ಶತ್ರುಗಳು. ಎರಡು ವಾರ ಬಿಟ್ಟು ಮತ್ತೆ ಬಂದು ಮೊದಲಿಂದ ಹೇಳಿ ಎನ್ನುತ್ತಿದ್ದರು. ಮೇಷ್ಟರಾಗಿದ್ದ ನಿನ್ನ ತಾತ ಮೊದಲ ಸಲ ಉಪ್ಪು ಮಾರುತ್ತಿದ್ದೆ ಎಂದಿದ್ದರು. ಎರಡನೆಯ ಸಲ ಜ್ವರದಲ್ಲಿದ್ದರು, ಹುಣಸೆಹಣ್ಣು ಎಂದುಬಿಟ್ಟರು. ಅಷ್ಟೇ. ಎತ್ತಿನ ಗಾಡಿ ಬಂತು. ನನಗಾಗ ಹನ್ನೆರಡು ವರ್ಷ, ಗಾಡಿಯ ಎಡಗಡೆಯ ಗಾಲಿ ಕಿರುಗುಟ್ಟುತ್ತಿದ್ದುದು ನೆನಪಿದೆ. ಅಂದಿನಿಂದ ನಿನ್ನ ಅಜ್ಜಿ ಯೆಮ್ ಆದಳು, ಏಳು ಸಲ ಕೇಳಿದರೂ ಏಳು ಸಲವೂ ಅದೇ ಯೆಮ್.

ಅವಳ ಉತ್ತರ ಏಕೆ ಅಷ್ಟು ಚೆನ್ನಾಗಿ ತಾಳೆಯಾಯಿತು ಎಂಬುದು ಈಗ ತಿಳಿಯಿತೇ? ನಿಮ್ಮ ಸಭೆಯಲ್ಲಿ ಒಬ್ಬರಾದರೂ, ಗಾಯವೇ ಇಲ್ಲದ ಮುದುಕಿ ಈ ದೇಶದಲ್ಲಿ ಎಲ್ಲಿ ಸಿಕ್ಕಳಪ್ಪ ಎಂದು ಕೇಳಲಿಲ್ಲವೇ? ತೌಚ್ ಎರಡನೆಯ ಸಲ ಬೇರೆ ಉತ್ತರ ಕೊಟ್ಟಳು, ನಡುವೆ ಮಗಳ ಮದುವೆ ಗೊತ್ತಾಗಿತ್ತು ನೋಡು; ಅವಳ ಹಾಳೆ ನಂಬಲರ್ಹವಲ್ಲವಂತೆ. ಹೆದರಿ ಬಾಯಿಪಾಠ ಮಾಡಿದವಳದು ಮಾದರಿ. ಮನಸ್ಸು ನೊಂದವರಿಗೆಂದು ನಡೆಸುವ ಗುರುವಾರದ ಆಸರೆ ಕೂಟಕ್ಕೆ ಅಜ್ಜಿಯನ್ನು ಸೇರಿಸಿಕೊಳ್ಳಿ ಎಂದು ಆ ಕಾರ್ಡು ಹಿಡಿದು ಚಿಕಿತ್ಸಾಲಯಕ್ಕೆ ಹೋದರೆ ಅಲ್ಲಿಯ ಹೆಂಗಸು ಪಟ್ಟಿ ನೋಡಿ, "ನಿಮ್ಮ ತಾಯಿ ಅಂಕ ಸೊನ್ನೆ ಸಾರ್, ಪುಣ್ಯವಂತರು" ಅಂದಳು. ಮೇಜು ಗುದ್ದಬೇಕೆನಿಸಿತು. ಗುದ್ದಲಿಲ್ಲ, ನಮಸ್ಕಾರ ಹೇಳಿ ಬಂದೆ. ನಾನೂ ಹೆದರಿ ಬೆಳೆದವನೇ.

ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ನಿಮ್ಮ ಲೆಕ್ಕದಲ್ಲೇ ಹೇಳುವುದಾದರೆ 'ಸಾಕಷ್ಟು' ಇದೆ. ಆದರೆ ನಿನ್ನ ಓದನ್ನು ಬಿಡು ಎನ್ನುತ್ತಿಲ್ಲ. ಆ ಹಾಳೆಯನ್ನು ನಿಮ್ಮ ಮಾದರಿಯಿಂದ ತೆಗೆಸು. ಮುಂದಿನ ತಿಂಗಳು ಮೂರನೆಯ ಸಲ ಬರುತ್ತಾರೆಂದು ಕಾರ್ಡಿನ ಹಿಂದೆ ಬರೆದಿದೆ, ಅದನ್ನು ಮೊದಲು ನಿಲ್ಲಿಸು.

ಹೊತ್ತಿಗೆ ಸರಿಯಾಗಿ ಊಟ ಮಾಡು. ವಿಹಾರದಲ್ಲಿ ನಿನ್ನ ಹೆಸರಿನಲ್ಲೂ ಒಂದು ಊದುಬತ್ತಿ ಹಚ್ಚಿದ್ದೇನೆ, ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ,
ವುಥಾ

ಇನ್ನೊಂದು ಮಾತು: ಲಕೋಟೆ ಅಂಟಿಸಬೇಕು ಎನ್ನುವಷ್ಟರಲ್ಲಿ ಅಜ್ಜಿ ನನ್ನನ್ನು ಕರೆದು ಕೂರಿಸಿಕೊಂಡು ಪಾಠ ಒಪ್ಪಿಸಿಕೊಂಡಳು. ನಾನು ಯಾರು? ಮೀನು ಮಾರುವ ಯೆಮ್‌ಳ ಮಗ. "ನಿಮ್ಮಪ್ಪ ಏನ್ ಮಾರ್ತಿದ್ರು?" ಉಪ್ಪು. "ಇನ್ನೊಂದ್ಸಲ ಹೇಳು." ಉಪ್ಪು. ಆಮೇಲೆ ನಿನ್ನ ವಿಷಯಕ್ಕೆ ಬಂದಳು: "ಮಾಲಿಸ್ ಕಬ್ಬಿನ ಹಾಲು ಮಾರ್ತಾಳೆ. ಓದಿದಾಳೆ ಅಂತ ಬಾಯಿ ತಪ್ಪಿಯೂ ಅನ್ಬೇಡ. ಅವಳಿಗೂ ಹೇಳಿ ಕಳಿಸು, ಎಲ್ಲರದೂ ಒಂದೇ ಆಗಿರ್ಬೇಕು." ಹೇಳಿ ಕಳಿಸಿದ್ದೇನೆ. ರಜೆ ಸಿಕ್ಕ ದಿನವೇ ಹೊರಟು ಬಾ, ಕೈಯಲ್ಲಿ ಕಾಗದ, ಪೆನ್ನು ಇರದಿರಲಿ.