ಬಿ ಕೊಂಬೊ ಒಗೆದು ತಂದ ಗೌನು

ಮೊಂಬಾಸಾ, ಮೇಲಿನ ದಂಡೆ
ಕಸ್ಕಾಜಿ ಗಾಳಿಯ ನೂರ ಮೂರನೆಯ ದಿನ, ಕಟ್ಟೆ ಒಡೆದ ಅರವತ್ತೆರಡನೆಯ ವರ್ಷ

ನತಾಲಿನ್ ಅವರಿಗೆ,

ಮೇಲಿನ ದಿನಾಂಕ ನಿಮಗೆ ತಪ್ಪಾಗಿ ಕಾಣುತ್ತದೆ. ನಾವೀಗ ತಿಂಗಳುಗಳನ್ನು ಬಿಟ್ಟು ಗಾಳಿಗಳನ್ನು ಎಣಿಸುತ್ತೇವೆ. ಈಶಾನ್ಯದಿಂದ ಬೀಸುವ ಕಸ್ಕಾಜಿಗೆ ಒಂದು ಎಣಿಕೆ, ಅದು ನಿಂತು ದಕ್ಷಿಣದ ಗಾಳಿ ಎದ್ದ ಮೇಲೆ ಇನ್ನೊಂದು. ವರ್ಷಗಳ ಲೆಕ್ಕ ಸಮುದ್ರದ ಕಟ್ಟೆ ಒಡೆದಂದಿನಿಂದ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ತೊಂಬತ್ತರ ಆಸುಪಾಸಿರಬೇಕು. ನನ್ನ ಕನ್ನಡವೂ ವಿಚಿತ್ರವೆನಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಹಳಿಯಾಳದ ಕಡೆಯಿಂದ ನೀವು ಈ ಊರಿಗೆ ತಂದ ಭಾಷೆ ಆರು ತಲೆಮಾರು ಒಂದೇ ಮನೆಯೊಳಗೆ ಉಳಿದಿದೆ. ಅಡುಗೆ, ಜಗಳ, ಹೊಲಿಗೆ, ಪ್ರಾರ್ಥನೆ, ಇವುಗಳಿಗೆ ನಮ್ಮಲ್ಲಿ ಮಾತು ಸಾಲುತ್ತದೆ. ಉಳಿದದ್ದನ್ನು ನಾನು ಹಳೆಯ ಕವಿತೆಯ ಪುಸ್ತಕಗಳಿಂದ ಕಲಿತೆ. ಹಾಗಾಗಿ ನನ್ನ ವಾಕ್ಯಗಳು ಎಲ್ಲೋ ಒಂದೆಡೆ ಅಗತ್ಯಕ್ಕಿಂತ ನಿಧಾನವಾಗಿ ನಡೆದರೆ ಸಹಿಸಿಕೊಳ್ಳಿ. ಪತ್ರ ನಿಮ್ಮನ್ನು ಹೇಗೆ ತಲುಪುತ್ತದೆ ಎಂಬುದನ್ನು ವಿವರಿಸಲು ನನಗೆ ಅನುಮತಿಯಿಲ್ಲ. ನಿಜ ಹೇಳಬೇಕೆಂದರೆ ಅದು ನನಗೆ ಅರ್ಥವೂ ಆಗಿಲ್ಲ. ನೀವು ನನಗೆ ಅಜ್ಜಿಯ ಅಜ್ಜಿಯ ತಾಯಿ. ಆದರೆ ಇದನ್ನು ಓದುವ ಹೊತ್ತಿಗೆ ನಿಮಗೆ ಮೂವತ್ತೊಂದು, ನನಗೆ ನಲವತ್ತೆಂಟು. ಅಜ್ಜಿ ಎಂದು ಕರೆಯಲು ನಾಲಿಗೆ ಏಳಲಿಲ್ಲ. ಹೆಸರು ಹಿಡಿದು ಬರೆದಿದ್ದೇನೆ.

ನಿಮ್ಮ ಬಗ್ಗೆ ನನಗೆ ತಿಳಿದಿರುವುದು ಎರಡು ಸಂಗತಿ. ಕೌದಿ ಹೊಲಿಯುವುದನ್ನು ಕಲಿಸಲು ಬಂದ ನೀವು ಇಲ್ಲಿಯೇ ಉಳಿದಿರಿ. ಫ್ಯಾಷನ್ ವೀಕ್‌ಗಳನ್ನು ಹೊಸದಾಗಿ ರೂಪಿಸಲು ಈ ಊರಿನಲ್ಲಿ ಸೇರಿದ ಸಮಿತಿಗೆ ನಡಾವಳಿ ಬರೆದುಕೊಟ್ಟಿರಿ. ಆ ನಡಾವಳಿ ನಮ್ಮ ಬಳಿ ಇದೆ. ಅಂಚಿನಲ್ಲಿ ನೀವು ಕನ್ನಡದಲ್ಲಿ ಗೀಚಿದ ಟಿಪ್ಪಣಿಗಳನ್ನು ಇಡೀ ಊರಿನಲ್ಲಿ ನನ್ನ ಮನೆಯವರಷ್ಟೇ ಓದಬಲ್ಲರು. ನಿಮ್ಮ ಕಾಲದ ಫ್ಯಾಷನ್ ವೀಕ್ ಅದರಲ್ಲಿ ಹೀಗಿದೆ: ದೊಡ್ಡ ಹೋಟೆಲಿನ ತಂಪು ಸಭಾಂಗಣ, ಮುಂದಿನ ಸಾಲಿನಲ್ಲಿ ವಿಮಾನದಲ್ಲಿ ಬಂದ ಖರೀದಿದಾರರು, ತೆರೆಯ ಹಿಂದೆ ತಮ್ಮದೇ ಖರ್ಚಿನಲ್ಲಿ ಬಂದು ಪಿನ್ನು ಚುಚ್ಚುತ್ತ ನಿಂತ ಇಲ್ಲಿಯ ವಿನ್ಯಾಸಗಾರರು. ಎರಡು ಹೊಲಿಗೆ ಯಂತ್ರವಿರುವ ಅಂಗಡಿಗೆ ಒಮ್ಮೆಲೇ ಸಾವಿರ ಉಡುಪಿನ ಬೇಡಿಕೆ ಬರುತ್ತಿತ್ತು, ಇಲ್ಲವೇ ಏನೂ ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಗೇಟಿನ ಹೊರಗೆ ಮಿತುಂಬಾ, ಅಂದರೆ ದೂರದೇಶದವರು ಉಟ್ಟುಬಿಟ್ಟ ಬಟ್ಟೆಯ ಮೂಟೆಗಳು, ಲಾರಿಯಿಂದ ಇಳಿಯುತ್ತಿದ್ದವು. ಮೊದಲ ದಿನದ ಪುಟದ ಅಂಚಿನಲ್ಲಿ ನೀವು ಬರೆದಿದ್ದೀರಿ: "ಮುಂದಿನ ಸಾಲಿನಲ್ಲಿ ಈ ಬಟ್ಟೆ ಉಡುವವರು ಒಬ್ಬರೂ ಇಲ್ಲ." ನಮ್ಮ ಒಂಬತ್ತು ನಿಯಮಗಳು ಆ ಸಾಲಿನಿಂದ ಹುಟ್ಟಿದವು.

ಅವು ಹೇಗೆ ಬದುಕಿವೆ ಎಂದು ತಿಳಿಸುತ್ತೇನೆ. ಈಗ ಸಭಾಂಗಣವೂ ಇಲ್ಲ, ರೂಪದರ್ಶಿಗಳು ನಡೆಯುವ ಎತ್ತರದ ಹಾದಿಯೂ ಇಲ್ಲ. ಕಸ್ಕಾಜಿ ಶುರುವಾದ ದಿನ ಪ್ರತಿ ವಿನ್ಯಾಸಗಾರರೂ ತಾವು ಹೊಲಿದ ಒಂದು ಉಡುಪನ್ನು ಊರಿನ ಒಬ್ಬರಿಗೆ ಕೊಡುತ್ತಾರೆ. ಅವರು ಅದನ್ನು ವರ್ಷವಿಡೀ ಕೆಲಸಕ್ಕೆ ಉಡಬೇಕು. ಇದನ್ನು ಉಡುವರ್ಷ ಎನ್ನುತ್ತೇವೆ. ವರ್ಷ ತುಂಬಿದಾಗ ಬಟ್ಟೆವಾರ ಬರುತ್ತದೆ. ಉಟ್ಟವರು ತಮ್ಮ ಮನೆಯಿಂದ ಕೆಲಸದ ಜಾಗಕ್ಕೆ ದಿನವೂ ಹೋಗುವ ದಾರಿಯಲ್ಲಿಯೇ ನಡೆದು ಬರುತ್ತಾರೆ. ಊರವರು ಎರಡೂ ಬದಿಗೆ ಚಾಪೆ ಹಾಸಿ, ತಿನ್ನುತ್ತ, ಟೀಕಿಸುತ್ತ ಕೂರುತ್ತಾರೆ. ನಡುವೆ ಬಿಸಿಗಂಟೆ ಹೊಡೆದರೆ, ಅಂದರೆ ಸೆಖೆ ಮಿತಿ ಮೀರಿತೆಂದು ಬಂದರಿನ ಗಂಟೆ ಸೂಚಿಸಿದರೆ, ಎಲ್ಲರೂ ನೆರಳಿಗೆ ಸರಿದು ತೋಳು, ಕತ್ತು ಒದ್ದೆ ಮಾಡಿಕೊಂಡು ಮತ್ತೆ ಬರುತ್ತಾರೆ. ದಿನಕ್ಕೆ ಮೂರು ಸಲ ನೆನೆದು ಒಣಗುವ ಬಟ್ಟೆಯನ್ನು ಹೊಲಿಯುವುದೇ ನಮ್ಮಲ್ಲಿ ದೊಡ್ಡ ವಿದ್ಯೆ. ಹೊಲಿಗೆಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವವರಿಗೆ ಒಪ್ಪಿಗೆಯಾದ ವಿನ್ಯಾಸದ ಮೊದಲ ನಲವತ್ತು ಉಡುಪು ಸಲ್ಲಬೇಕು. ಆಮೇಲೆ ಹೊರಗಿನ ಖರೀದಿದಾರರ ಸರದಿ. ಅವರು ಕೊನೆಯ ದಿನ ಬಂದು ಹಿಂದೆ ನಿಲ್ಲುತ್ತಾರೆ. ನಿಲ್ಲಲು ಕಲಿತಿದ್ದಾರೆ. ಲಾಮುವಿನಿಂದ ತಾಂಗಾದವರೆಗೆ ಈ ದಂಡೆಯಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ಹೊಲಿಗೆಮನೆಗಳಿವೆ. ನಿಮ್ಮ ಸಮಿತಿ ವ್ಯರ್ಥವಾಗಲಿಲ್ಲ.

ನಾನು ಬಟ್ಟೆಸಾಕ್ಷಿ. ಮೂವರು ಸಾಕ್ಷಿಗಳು ಒಂದು ಉಡುಪನ್ನು ಒಳಹೊರಗೆ ಓದುತ್ತೇವೆ. ಮೊಣಕೈ ಎಲ್ಲಿ ಸವೆದಿದೆ, ಕಂಕುಳಿನ ಹೊಲಿಗೆ ಬೆವರನ್ನು ಹೇಗೆ ತಾಳಿದೆ, ಅಂಚು ಯಾವ ಮೆಟ್ಟಿಲಿಗೆ ತಗುಲಿದೆ ಎಂಬುದನ್ನು ನೋಡಿ ಅದು ಉಟ್ಟವರಿಗೆ ಒದಗಿತೇ ಇಲ್ಲವೇ ಎಂದು ಹೇಳುತ್ತೇವೆ. ಎಂಟನೆಯ ನಿಯಮದ ಪ್ರಕಾರ ಬಟ್ಟೆಯ ಮಾತಷ್ಟೇ ಮಾತು. ಉಟ್ಟವರ ಮಾತು ಸಾಕ್ಷಿಯಲ್ಲ. ಕಾರಣವನ್ನು ನೀವೇ ಅಂಚಿನಲ್ಲಿ ಬರೆದಿದ್ದೀರಿ: ಬಾಯಿಮಾತನ್ನು ಕೊಳ್ಳಬಹುದು. ಸರಿಯಾದ ಭಯವೇ. ಒಬ್ಬ ವಿನ್ಯಾಸಗಾರ ಒಂದೇ ಉಡುಪನ್ನು ಎರಡು ಹೊಲಿದು, ಒಂದನ್ನು ಪೆಟ್ಟಿಗೆಯಲ್ಲಿಟ್ಟು ಸಿಕ್ಕಿಬಿದ್ದದ್ದೂ ಉಂಟು. ಸವೆತವೇ ಕಾಣದ ಉಡುಪನ್ನು ಮೂಕಬಟ್ಟೆ ಎನ್ನುತ್ತೇವೆ. ಅದನ್ನು ಹೊಲಿದವರು ಊರು ಕೊಟ್ಟ ಹೊಲಿಗೆಮನೆಯನ್ನು ತೆರವು ಮಾಡಬೇಕು; ಮೂರು ವರ್ಷ ಬಟ್ಟೆವಾರಕ್ಕೆ ಬರುವಂತಿಲ್ಲ.

ನಾಲ್ಕು ವರ್ಷದ ಹಿಂದೆ ದಾಮಾ ಎಂಬ, ಈ ದಂಡೆಯ ಗಿರಿಯಾಮಾ ಜನಾಂಗದ ಹೆಣ್ಣುಮಗಳು ಒಂದು ಗೌನು ಹೊಲಿದಳು. ಆಗ ಅವಳಿಗೆ ಇಪ್ಪತ್ತೊಂಬತ್ತು ವರ್ಷ, ಅವಳ ಹೊಲಿಗೆಮನೆಯಲ್ಲಿ ಇನ್ನೂ ಐವರು ಹೆಂಗಸರಿದ್ದರು. ಮಡಿಲಿನಲ್ಲಿ ಎರಡು ಪದರ, ಮೇಲಿನದು ಕೊಳೆಯಾದರೆ ತಿರುವಿ ಹಾಕಿಕೊಳ್ಳುವಂಥದ್ದು. ತೋಳನ್ನು ಮೊಣಕೈಯ ಮೇಲೆ ಮಡಚಿ ಸಿಕ್ಕಿಸಲು ತೆಂಗಿನ ಚಿಪ್ಪಿನ ಗುಂಡಿ. ಅದನ್ನು ಅವಳು ದೋಣಿಕಟ್ಟೆಯಲ್ಲಿ ಮಂದಾಜಿ ಕರಿಯುವ ಬಿ ಕೊಂಬೊ ಅವರಿಗೆ ಕೊಟ್ಟಳು. ಹಿರಿಯ ಹೆಂಗಸರ ಹೆಸರಿನ ಮುಂದೆ ಇಲ್ಲಿ ಗೌರವಕ್ಕೆ ಬಿ ಎನ್ನುತ್ತೇವೆ. ಮಂದಾಜಿ ಎಂದರೆ ನಿಮ್ಮ ಕಡೆಯ ಬನ್ಸಿನ ಬಂಧು. ಅರವತ್ತೆಂಟರ ಆ ಹೆಂಗಸು ವರ್ಷವಿಡೀ ಕುದಿಯುವ ಎಣ್ಣೆಯ ಮುಂದೆ ಆ ಗೌನಿನಲ್ಲಿ ಕೂತದ್ದನ್ನು ದಿನಕ್ಕೆ ನಾನೂರು ಜನ ನೋಡಿದ್ದಾರೆ. ನಾನೂ ನೋಡಿದ್ದೇನೆ. ವಾರಕ್ಕೆ ಮೂರು ದಿನ ಅವರ ಕೈಯಿಂದಲೇ ನನ್ನ ತಿಂಡಿ.

ಬಟ್ಟೆವಾರದ ಎರಡನೆಯ ದಿನ ಬಿ ಕೊಂಬೊ ನಡೆದು ಬಂದಾಗ ಚಾಪೆಯ ಮೇಲಿದ್ದವರು ತಿನ್ನುವುದನ್ನು ನಿಲ್ಲಿಸಿದರು. ಗೌನು ಅಂದೇ ಹೊಲಿದಂತಿತ್ತು. ಇಸ್ತ್ರಿಯ ಗೆರೆ ಚೂರಿಯಂತೆ ನಿಂತಿತ್ತು. ಊದಿನ ಹೊಗೆ ಹಿಡಿಸಿದ ಪರಿಮಳ ಅವರಿಗಿಂತ ಮೊದಲು ಬಂತು. ಸಾಕ್ಷಿಗಳಲ್ಲಿ ಒಬ್ಬರಾದ ಓಮೊಂಡಿ, ಹಿಂದೆ ಹಡಗಿನಲ್ಲಿ ಅಡುಗೆಯವರಾಗಿದ್ದವರು, ತೋಳನ್ನು ಒಳಮಗುಚಿ ನೋಡಿ ಕೇಳಿದರು. ಅವರ ಸ್ವಾಹಿಲಿಯನ್ನು ನಮ್ಮ ಮನೆಮಾತಿಗೆ ತಂದು ಬರೆಯುತ್ತಿದ್ದೇನೆ.

"ಏನ್ ಬಿ ಕೊಂಬೊ, ವರ್ಷ ಪೂರ್ತಿ ಉಟ್ಟಿದ್ರೋ, ಇಲ್ಲಾ ಮುತ್ತಿಟ್ಟು ಮಡಚಿಟ್ಟಿದ್ರೋ?"

"ಯಾಕಪ್ಪಾ, ನಿನ್ನ ಮಗಳ ಮದುವೆಗೆ ನಾನು ಎಣ್ಣೆ ಬಳ್ಕೊಂಡು ಬಂದಿದ್ನಾ?" ಎಂದರು ಬಿ ಕೊಂಬೊ. "ಊರೆಲ್ಲಾ ಕೂತು ನೋಡತ್ತೆ ಅಂದ್ರು. ಎರಡು ದಿನ ಬೂದಿನೀರಲ್ಲಿ ನೆನೆಹಾಕ್ದೆ. ಮಡಿಲು ಬಿಚ್ಚಿ ಹೊಸಾ ಬಟ್ಟೆ ಇಟ್ಟೆ, ಅಂಚು ಹೊಸದು, ಬಣ್ಣಕ್ಕೂ ಒಂದ್ಸಲ ಅದ್ದಿಸ್ದೆ. ಈ ಹುಡುಗಿ ಮರ್ಯಾದೆ ಉಳೀಬೇಕಲ್ಲ!"

ದಾಮಾ ಅವರ ಹಿಂದೆಯೇ ನಿಂತಿದ್ದಳು. "ಬಿ ಕೊಂಬೊ, ಹಳೇ ಗುಂಡಿಗಳನ್ನಾದ್ರೂ ಇಟ್ಕೊಂಡಿದೀರಾ?" ಎಂದು ಮೆಲ್ಲಗೆ ಕೇಳಿದಳು.

"ಒಲೆಗೆ ಹಾಕ್ದೆ ಕಣೇ. ಚೆನ್ನಾಗಿ ಉರಿದ್ವು."

ಚಾಪೆಗಳ ಮೇಲೆ ನಗು ಎದ್ದಿತು. ದಾಮಾ ನಗಲಿಲ್ಲ.

ಇದು ಈ ದಂಡೆಯ ಹೆಂಗಸರಷ್ಟೇ ಮಾಡಬಹುದಾದ ತಪ್ಪು. ನಾಲ್ಕು ಜನರ ಮುಂದೆ ಹೋಗುವಾಗ ಬಟ್ಟೆ ಒಗೆದು, ತೇಪೆ ಮುಚ್ಚಿ, ಊದಿನ ಹೊಗೆ ಹಿಡಿಸುವುದು ಇಲ್ಲಿ ಹಲ್ಲುಜ್ಜಿದಷ್ಟೇ ಸಹಜ. ನನಗೆ ಅದು ಹೊಳೆಯಬೇಕಿತ್ತು. ಮೂಲೆಗಳಿಗೆ ಹೂವಿನಂತೆ ಮಡಚಿದ ಬಟ್ಟೆ ಕೂರಿಸದೆ ನಮ್ಮ ಮನೆಯಿಂದ ಇವತ್ತಿಗೂ ಒಂದು ಕೌದಿ ಹೊರಗೆ ಹೋಗುವುದಿಲ್ಲ. ಹೂವಿಲ್ಲದ ಕೌದಿ ಬೆತ್ತಲೆ ಎನ್ನುವುದು ನೀವು ಕಲಿಸಿದ ಮಾತು. ಆದರೆ ಆ ದಿನ ನನ್ನ ಮುಂದಿದ್ದದ್ದು ಎಂಟನೆಯ ನಿಯಮ. ಓಮೊಂಡಿ ಪರವಾಗಿ ನಿಂತರು: "ನಾವೇ ಕಣ್ಣಾರೆ ನೋಡಿದೀವಲ್ಲ, ಇನ್ನೇನ್ ಬೇಕು?" ಎಂದರು. ಇನ್ನೊಬ್ಬ ಸಾಕ್ಷಿ ವಿರುದ್ಧ ನಿಂತರು. ನನ್ನ ಮಾತು ಉಳಿಯಿತು. ಸಾಕ್ಷಿ ಕಣ್ಣಾರೆ ಕಂಡದ್ದೂ ಬಾಯಿಮಾತೇ, ಬಟ್ಟೆಯಲ್ಲಿ ಇಲ್ಲದ್ದನ್ನು ಸೇರಿಸಲು ನನಗೆ ಅಧಿಕಾರವಿಲ್ಲ ಎಂದು ತೀರ್ಮಾನಿಸಿ ಮೂಕಬಟ್ಟೆ ಎಂದು ಹೇಳಿದೆ. ದಾಮಾ "ಆಗಲಿ, ಮ್ವಾಲಿಮು" ಎಂದಳು. ಮ್ವಾಲಿಮು ಎಂದರೆ ಗುರು. ಬಿ ಕೊಂಬೊ ಒಬ್ಬೊಬ್ಬರ ಮುಖವನ್ನೂ ನೋಡಿ "ನಾನೇನ್ ತಪ್ಪು ಮಾಡ್ದೆ?" ಎಂದು ಕೇಳಿದರು. ಉತ್ತರ ಗೊತ್ತಿದ್ದ ನಾವು ಮೂವರೂ ಬಟ್ಟೆಯನ್ನು ನೋಡುತ್ತಿದ್ದೆವು. ಆ ವಾರದೊಳಗೆ ಹೊಲಿಗೆಮನೆ ಖಾಲಿಯಾಯಿತು.

ಮುಂದಿನ ವರ್ಷದಿಂದ ಯಾರೂ ಒಗೆದು ಬರಲಿಲ್ಲ. ಅದು ನಿರೀಕ್ಷಿತ. ನಿರೀಕ್ಷಿಸದೇ ಇದ್ದದ್ದು ಬೇರೆ. ದೋಣಿಕಟ್ಟೆಯ ಹಿಂದಿನ ಓಣಿಯಲ್ಲಿ ಒಬ್ಬಾತ ಇಟ್ಟಿಗೆಯಿಂದ ಅಂಚು ಉಜ್ಜಿ ಸವೆಸಿಕೊಡಲು ಶುರುಮಾಡಿದ. ಉಡುವವರು ಬಟ್ಟೆವಾರದ ಹಿಂದಿನ ದಿನ ಎಣ್ಣೆ, ಅರಿಶಿನ ಮೆತ್ತಿಕೊಳ್ಳತೊಡಗಿದರು. ಕಳೆದ ಸಲ ನಾನು ಹನ್ನೊಂದು ಉಡುಪು ಓದಿದೆ. ಏಳರಲ್ಲಿ ಸವೆತ ಸುಳ್ಳು. ಕರಿಯುವವರ ಮೈಮೇಲೆ ಎಣ್ಣೆ ಮಡಿಲಿಗೂ ಮುಂಗೈಯ ಅಡಿಗೂ ಸಿಡಿಯುತ್ತದೆ. ಇವರು ನೋಡುವವರಿಗೆ ಕಾಣಲೆಂದು ಎದೆಯ ಮೇಲೆ ಬಳಿದುಕೊಂಡಿದ್ದರು. ಆದರೆ ಕೊಳೆ ಹೇಗೆ ಬಂತು ಎಂದು ಎಂಟನೆಯ ನಿಯಮ ಕೇಳುವುದಿಲ್ಲ, ಆದ್ದರಿಂದ ಎಲ್ಲವನ್ನೂ ಒಪ್ಪಿದೆ. ಕೊನೆಯ ದಿನ ಹಿಂದೆ ನಿಂತಿದ್ದ ಹೊರಗಿನವರೊಬ್ಬರು ಬಹಳ ವಿನಯದಿಂದ, ಕೊಳೆಯನ್ನೂ ಸೇರಿಸಿ ಹೊಸ ಉಡುಪು ಹೊಲಿದುಕೊಡಲು ಆಗುತ್ತದೆಯೇ ಎಂದು ಕೇಳಿದರು. ವಿನ್ಯಾಸಗಾರ ಆಗುತ್ತದೆ ಎಂದ. ಅಲ್ಲಿಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಉಡುವವರನ್ನು ಮುಂದಕ್ಕೆ ತರಲು ಹೊರಟ ನಾವು ಅವರ ಬಡತನವನ್ನು ಮುಂದಕ್ಕೆ ತಂದು, ಅವರ ಬಾಯಿಯನ್ನು ಹಿಂದೆ ಬಿಟ್ಟಿದ್ದೆವು. ಆ ವರ್ಷಗಳಲ್ಲಿ ನಾನು ಓದಿದ ಉಡುಪುಗಳಲ್ಲಿ ಒಗೆದ ಗೌನಿನಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿರಲಿಲ್ಲ.

ಕಳೆದ ವಾರ ದಾಮಾಳನ್ನು ನೋಡಲು ತಾಂಗಾಗೆ ಹೋಗಿದ್ದೆ. ಅವಳ ಮೂರು ವರ್ಷ ಮುಗಿದಿದೆ. ಮತ್ತೆ ಅರ್ಜಿ ಹಾಕಬಹುದು. ಆಸ್ಪತ್ರೆದೋಣಿಗೆ ಹಾಸಿಗೆ ಬಟ್ಟೆ ಹೊಲಿಯುತ್ತಿದ್ದಾಳೆ. ಐವರಲ್ಲಿ ಇಬ್ಬರು ಮಾತ್ರ ಜೊತೆಗಿದ್ದಾರೆ. ಚಹಾ ಕೊಟ್ಟಳು, ನನ್ನ ತೋಳಿನ ಹೊಲಿಗೆ ಬಿಟ್ಟಿದ್ದನ್ನು ಕೂತಲ್ಲೇ ಹಾಕಿಕೊಟ್ಟಳು. ಅರ್ಜಿಯ ವಿಷಯ ತೆಗೆದಾಗ ದಾರವನ್ನು ಹಲ್ಲಿನಿಂದ ಕಡಿದು ಹೇಳಿದಳು:

"ಬಿ ಕೊಂಬೊ ಕೊಳಕಾಗೇ ಬರ್ಬೇಕು ಅನ್ನೋ ಊರಿಗೆ ನಾನ್ ಏನ್ ಹೊಲೀಲಿ, ಮ್ವಾಲಿಮು? ಅವ್ರು ಬಾಯಿಬಿಟ್ಟು ಎಲ್ಲಾ ಹೇಳಿದ್ರು. ನೀವು ಕೇಳಿಸ್ಕೊಂಡ್ರಿ. ಬರ್ಕೊಳ್ಳೋಕೆ ನಿಮ್ಮ ಪುಸ್ತಕದಲ್ಲಿ ಜಾಗ ಇರ್ಲಿಲ್ಲ. ಆ ಜಾಗ ಮಾಡಿ, ಬರ್ತೀನಿ."

ಆ ಜಾಗ ಮಾಡಲು ನನ್ನಿಂದಾಗದು. ಒಂಬತ್ತನೆಯ ನಿಯಮ ಉಳಿದ ಎಂಟನ್ನು ಮುಂದೆ ಯಾರೂ ತಿದ್ದದಂತೆ ಕಟ್ಟಿಹಾಕಿದೆ. ವಿಮಾನದಲ್ಲಿ ಬರುವವರು ಒಂದು ದಿನ ತಮಗೆ ಬೇಕಾದಂತೆ ಬದಲಿಸಿಬಿಟ್ಟಾರು ಎಂಬ ಭಯದಿಂದ ನಿಮ್ಮ ಸಮಿತಿ ಹಾಗೆ ಮಾಡಿತು. ಆ ಭಯವನ್ನು ನಾನು ದೂರುವುದಿಲ್ಲ; ಅದು ನಮ್ಮನ್ನು ಎರಡು ಸಲ ಕಾಪಾಡಿದೆ. ಆದರೆ ನಿಯಮಗಳ ಅಂತಿಮ ಪಾಠ ಸಿದ್ಧವಾದದ್ದು ಸಭೆಯ ಎರಡನೆಯ ದಿನ, ಊಟದ ನಂತರ ಎಂದು ನಡಾವಳಿ ಹೇಳುತ್ತದೆ. ಈ ಪತ್ರ ಆ ಬೆಳಿಗ್ಗೆ ನಿಮಗೆ ಸಿಗುವಂತೆ ಕೇಳಿಕೊಂಡಿದ್ದೇನೆ. ಎಂಟನೆಯದನ್ನು ತೆಗೆಸಬೇಡಿ. ಅದರ ಕೆಳಗೆ ಒಂದು ವಾಕ್ಯ ಸೇರಿಸಿ: ಉಟ್ಟವರನ್ನು ಕೇಳಬೇಕು, ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು, ಬಟ್ಟೆಯ ಪಕ್ಕದಲ್ಲಿಟ್ಟು ತೂಗಬೇಕು. ನಿಮ್ಮ ಕೆಲಸ ನಡಾವಳಿ ಬರೆಯುವುದಷ್ಟೇ, ಮಾತನಾಡುವುದಲ್ಲ ಎಂದು ಯಾರಾದರೂ ಹೇಳಬಹುದು. ಆಗಲೂ ಕೈ ಎತ್ತಿ.

ಅದರಿಂದ ಇಲ್ಲಿ ಏನು ಬದಲಾಗುತ್ತದೆ, ನಾನು ಇದೇ ನಾನಾಗಿ ಉಳಿಯುತ್ತೇನೆಯೇ ಎಂಬುದು ತಿಳಿಯದು. ಅದರ ಬಗ್ಗೆ ಹೆಚ್ಚು ಯೋಚಿಸಿಲ್ಲ. ದಾಮಾಗೆ ಅರ್ಜಿ ಹಾಕಲು ಇನ್ನು ಹನ್ನೊಂದು ದಿನಗಳಿವೆ. ನಿಮಗಿರುವುದು ಒಂದು ಮಧ್ಯಾಹ್ನ.

ಇತಿ ನಿಮ್ಮವಳು,
ಮರ್ಸೆಲಿನ್