ಮೊದಲು ಮುಚ್ಚಳ ತೆಗೆದವನು

ಮೂಲೆಮನೆ, ಅಡುಗೆಮನೆ ಕಿಟಕಿಯ ಪಕ್ಕ
೧೪ನೇ ತಾರೀಕು, ಶುಕ್ರವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ನಿನ್ನ ಹೆಂಡತಿಯ ಕೆಮ್ಮು ಹೇಗಿದೆ? ಹಸುಗಳು ಹೊಸ ಜಾಗಕ್ಕೆ ಒಗ್ಗಿಕೊಂಡವೋ, ಇಲ್ಲ ಆ ಕೊಂಬು ಮುರಿದವಳು ಅಲ್ಲೂ ಬಕೆಟ್ಟು ಒದೆಯುತ್ತಿದ್ದಾಳೋ? ಮಾವನ ಮನೆಯಲ್ಲಿ ನಿನ್ನ ಮರ್ಯಾದೆ ಹೇಗೆ ನಡೆಯುತ್ತಿದೆ ಎಂದು ನಾನು ಕೇಳುವುದಿಲ್ಲ. ಅಳಿಯ ಬಂದ ವಾರ ತಟ್ಟೆಗೆ ತುಪ್ಪ, ತಿಂಗಳಾದ ಮೇಲೆ ಕೈಗೆ ಗುದ್ದಲಿ ಎನ್ನುವುದು ಎಲ್ಲ ಕಡೆಯೂ ಇರುವುದೇ. ನಾವು ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಭಾವನ ಮಂಡಿನೋವು ಹಾಗೇ ಇದೆ. ಕೆಲಸ ಹೇಳಿದರೆ ಏರುತ್ತದೆ, ಊಟಕ್ಕೆ ಕರೆದರೆ ಇಳಿಯುತ್ತದೆ.

ಇವತ್ತು ನಿನಗೊಂದು ಕಥೆ ಬರೆಯಬೇಕು. ಅದನ್ನು ಮೊದಲು ಹೇಳಿದವಳು ನಮ್ಮ ಅಜ್ಜಿ, ನಿನಗೆ ಮಂಗನಬಾವು ಬಂದ ವರ್ಷ. ಕೆನ್ನೆ ಎರಡೂ ಬನ್ನಿನ ಹಾಗೆ ಊದಿ, ಗಂಜಿ ಕೂಡ ನುಂಗಲಾರದೆ ನೀನು ಅಳುತ್ತಿದ್ದೆ. ಅತ್ತರೆ ಇನ್ನೂ ಊದುತ್ತದೆ ಎಂದು ಅಜ್ಜಿ ಮೊದಲು ಹೆದರಿಸಿದಳು, ಆಮೇಲೆ ಆ ಹೆದರಿಕೆ ಬಿಡಿಸಲು ಕಥೆ ತೆಗೆದಳು. ನೆನಪಿದೆಯೇ? ಒಂದು ದೊಡ್ಡ ಮನೆ, ನಡುವೆ ಒಂದು ಹಜಾರ, ಹಜಾರದ ಸುತ್ತ ಹಲವು ಸಂಸಾರಗಳ ಒಲೆ. ಹಜಾರದ ಬಿಳಿಗೋಡೆ ವರ್ಷ ತುಂಬುವುದರಲ್ಲಿ ಕಪ್ಪಾಗುತ್ತಿತ್ತು. ಯಾರ ಹೊಗೆ ಎಂದು ಜಗಳ ಹತ್ತಿತು. ಗೋಡೆಗೆ ತೀರ ಹತ್ತಿರ ಇದ್ದದ್ದು ಕಾಳು ಹುರಿಯುವ ಒಬ್ಬ ಮುದುಕನ ಒಲೆ. 'ಇನ್ಯಾರದ್ದು, ಇವನದ್ದೇ' ಎಂದರು ಎಲ್ಲರೂ. ಮುದುಕ ಬಾಣಲೆಯನ್ನು ತಲೆಗೆ ಟೋಪಿ ಹಾಗೆ ಹಾಕಿಕೊಂಡು ಹೊರಟುಹೋದ. ಇವರು ಸಂತೋಷದಿಂದ ಗೋಡೆಗೆ ಸುಣ್ಣ ಬಳಿದರು. ಮುಂದಿನ ವರ್ಷ ಗೋಡೆ ಮತ್ತೆ ಕಪ್ಪು. ಮುದುಕ ಹೋದದ್ದನ್ನು ಗೋಡೆಗೆ ಯಾರೂ ಹೇಳಿರಲಿಲ್ಲವಲ್ಲ! ಆಮೇಲೆ ಅವನ ಪಕ್ಕದ ಒಲೆಯವಳನ್ನು ಕಳಿಸಿದರು, ಅವಳ ಪಕ್ಕದವನನ್ನು ಕಳಿಸಿದರು. ಕೊನೆಗೆ ಉಳಿದವನು ಒಬ್ಬನೇ. ಅವನ ಒಲೆಗೂ ಗೋಡೆ ಮೆಲ್ಲಗೆ ಕಪ್ಪಾಯಿತು. ಬೈಯಲು ಯಾರೂ ಇಲ್ಲದೆ ಅವನು ಗೋಡೆಗೇ ಬೈಯುತ್ತಾ ಕೂತ. ನಾನು ಬಿದ್ದು ಬಿದ್ದು ನಕ್ಕೆ. ನೀನು ಊದಿದ ಬಾಯಲ್ಲೇ, 'ಅಜ್ಜಿ, ಕಾಳು ಹುರಿಯೋ ತಾತ ಎಲ್ಲಿಗೆ ಹೋದ?' ಎಂದು ಕೇಳಿದೆ. ಅಜ್ಜಿ ನಿನ್ನ ತಲೆ ಸವರಿ, 'ಈ ಕಥೆ ಎಷ್ಟು ಜನಕ್ಕೆ ಹೇಳಿದೀನಿ, ಅದನ್ನ ಕೇಳಿದೋನು ನೀನೊಬ್ಬನೇ ಕಣೋ' ಎಂದಳು.

ಈಗ ನಮ್ಮ ಬೀದಿಯ ಕಥೆಗೆ ಬರುತ್ತೇನೆ. ಅರ್ಧ ನಿನಗೆ ಗೊತ್ತು, ನಿನ್ನ ಮೈಮೇಲೆ ಬಂದದ್ದೇ. ಆದರೆ ಕಥೆ ಎಂದಮೇಲೆ ಮೊದಲಿಂದಲೇ ಹೇಳಬೇಕು, ಇಲ್ಲದಿದ್ದರೆ ಅಜ್ಜಿ ಬಂದು ಕಿವಿ ಹಿಂಡುತ್ತಾಳೆ. ನಮ್ಮ ಮಹಡಿಯ ಕೋಣೆಯಲ್ಲಿ ಉಳಿದುಕೊಂಡು ಮಣ್ಣು, ನೀರು ಪರೀಕ್ಷೆ ಮಾಡಲು ಬಂದ ಹುಡುಗಿ, ಬೀದಿಯವರೆಲ್ಲ ಬಣ್ಣದ ಮೇಡಂ ಎಂದು ಕರೆಯುವವಳು, ಮೊದಲ ಸಲ ಬಂದದ್ದು ನೆನಪಿದೆಯಲ್ಲ. ಉದ್ದನೆಯ ತಿರುಪಿನ ಸರಳನ್ನು ಹಿತ್ತಲಿನ ನೆಲಕ್ಕೆ ತಿರುವಿ ತಿರುವಿ ಮಣ್ಣು ಎತ್ತುತ್ತಿದ್ದಳು. ನಿನ್ನ ಭಾವ 'ನೆಲಕ್ಕೆ ಜ್ವರವೇನಮ್ಮಾ, ಇಂಜೆಕ್ಷನ್ ಕೊಡ್ತಿದ್ದೀಯಾ?' ಎಂದು ತಮಾಷೆ ಮಾಡಿದ್ದರು. ಮಣ್ಣು ಕೊಡಲು ಯಾರೂ ತಕರಾರು ಮಾಡಲಿಲ್ಲ. ಬಾವಿಯ ನೀರೆಂದಾಗಲೇ ತೊಡಕು ಬಂದದ್ದು. ಟ್ಯಾಂಕಿನಲ್ಲಿ ನಿಂತ ನಲ್ಲಿಯ ನೀರು ಬೇಡ, ಬಾವಿಯದೇ ಬೇಕು, ಮುಚ್ಚಳ ತೆಗೆಯಿರಿ ಎಂದಳು. ಕೆಳಬೀದಿಯವರು ತೆಗೆದರು. ನಮ್ಮ ಮೇಲಿನ ತುದಿಯವರದ್ದೇ ರಾಗ. ಬೇಕರಿಯಾಕೆ ಮುಚ್ಚಳದ ಮೇಲೆ ಹಿಟ್ಟಿನ ಖಾಲಿ ಡಬ್ಬಗಳನ್ನು ಗೋಪುರದ ಹಾಗೆ ಪೇರಿಸಿದ್ದಳು. ಟೈಲರ್ ಅಲ್ಲಿ ಹೂವಿನ ಕುಂಡಗಳನ್ನಿಟ್ಟಿದ್ದ, 'ನಾಳೆ ಬನ್ನಿ' ಎಂದ, ಆ ನಾಳೆ ಬರಲೇ ಇಲ್ಲ. ನಮ್ಮ ಮನೆಯದ್ದಂತೂ ಹೇಳಲು ನಾಚಿಕೆ. ನಿನ್ನ ಭಾವ ಬಾವಿಯ ಮೇಲೆ ಕೋಳಿಗೂಡು ಕಟ್ಟಿದ್ದಾರಲ್ಲ, 'ಕೋಳಿ ಕಾವಿಗೆ ಕೂತಿದೆ, ಮರಿ ಆಗ್ಲಿ ತಡಿಯಮ್ಮ' ಎಂದುಬಿಟ್ಟರು. ನಮ್ಮ ಮನೆಯಲ್ಲೇ ಉಂಡು ಮಲಗುವವಳಿಗೆ! ನೀನೊಬ್ಬ ಮಾತ್ರ ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದು, ಕಲ್ಲಿನ ಮುಚ್ಚಳ ಸರಿಸಿ, ಅವಳ ಸೀಸೆಗೆ ಹಗ್ಗವನ್ನೂ ನೀನೇ ಕಟ್ಟಿಕೊಟ್ಟೆ. ಸೊಂಟ ಹಿಡಿದದ್ದು ಆ ದಿನವೇ.

ಆಮೇಲೆ ಗ್ರಂಥಾಲಯದ ಗೋಡೆಗೆ ಅವಳು ಕಳಿಸಿದ ನಕ್ಷೆ ಬಂತು. ಕೆಳಬೀದಿ ಹಳದಿ, ನಡುವೆ ಅಲ್ಲಲ್ಲಿ ಕಿತ್ತಳೆ, ಮೇಲಿನ ತುದಿ ಪೂರ್ತಿ ಕೆಂಪು, ಆ ಕೆಂಪಿನ ನಡುಮಧ್ಯದಲ್ಲಿ ನಿನ್ನ ಕೊಟ್ಟಿಗೆ. ಕೆಂಪಿರುವ ಕಡೆ ನೀರಿನಲ್ಲಿ ನೈಟ್ರೇಟ್ ಎಂಬ, ಗೊಬ್ಬರ ಸಗಣಿಗಳಿಂದ ಇಳಿಯುವ ಉಪ್ಪು ಹೆಚ್ಚಿದೆ, ಅದಕ್ಕೆ ರುಚಿಯಿಲ್ಲ ವಾಸನೆಯಿಲ್ಲ, ಬಾಟಲಿ ಹಾಲು ಕುಡಿಯುವ ಕೂಸುಗಳಿಗೆ ಒಳ್ಳೆಯದಲ್ಲ ಎಂದು ಕೆಳಗೆ ಬರೆದಿತ್ತು. ಟೈಲರ್ ಮಗಳು ಬಾಣಂತನಕ್ಕೆ ಬಂದಿದ್ದಾಳಲ್ಲ, ಆ ಮನುಷ್ಯನಿಗೆ ಆ ದಿನ ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ಅವನನ್ನು ಪೂರ್ತಿ ಬೈಯಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ. ಹೆದರಿದವನಿಗೆ ಒಂದು ಮುಖ ಬೇಕಾಗುತ್ತದೆ, ಕೆಂಪಿನ ನಡುವೆ ನಿನ್ನ ಮುಖ ಸಿಕ್ಕಿತು. 'ಸಗಣಿ ಗುಡ್ಡೆ ಮೇಲೆ, ನಮ್ಮ ಬಾವಿ ಕೆಳಗೆ, ಇನ್ನೇನು ಬೇಕು ಸಾಕ್ಷಿ' ಎಂದ. ಜನ ಹಾಲು ಕೊಳ್ಳುವುದು ಬಿಟ್ಟರು, ನಿನ್ನ ಬಾವಿಗೆ ಇಣುಕಿ ಮೂಗು ಮುಚ್ಚಿಕೊಂಡು ಹೋದರು. ನೀನು ಮುಚ್ಚಳಕ್ಕೆ ಸರಪಳಿ ಬಿಗಿದು ಬೀಗ ಜಡಿದು, ಒಂದು ಬೆಳಗ್ಗೆ ಹಸುಗಳನ್ನು ಹೊಡೆದುಕೊಂಡು ಹೊರಟೆ. ನಾನು ತಡೆದಾಗ ನೀನು, 'ಅಕ್ಕಾ, ಹಾಲು ಒಡೆದರೆ ಮತ್ತೆ ಕೂಡಿಸೋಕಾಗಲ್ಲ' ಎಂದೆ. ಅಷ್ಟು ದೊಡ್ಡ ಮಾತು ನಿನ್ನ ಬಾಯಲ್ಲಿ ಯಾವತ್ತೂ ಬಂದಿರಲಿಲ್ಲ. ಅದಕ್ಕೇ ನಾನು ದಾರಿ ಬಿಟ್ಟೆ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲದ್ದು. ನಕ್ಷೆ ಕಳಿಸಿದವಳು ಇಷ್ಟು ದಿನ ಪ್ರಯೋಗಾಲಯದಲ್ಲೇ ಇದ್ದಳಂತೆ, ಈ ವಾರ ಮತ್ತೆ ಬಂದಳು. ನಿನ್ನ ಗೇಟಿಗೆ ಬೀಗ ನೋಡಿ, 'ಹಸುವಿನಣ್ಣ ಎಲ್ಲಿ?' ಎಂದು ಕೇಳಿದಳು. ನಾನು ಹೇಳಿದೆ. ಹುಡುಗಿ ನಮ್ಮ ಮೆಟ್ಟಿಲ ಮೇಲೆ ಕುಸಿದು, 'ಅಯ್ಯೋ ಅಕ್ಕಾ, ನನ್ನ ನಕ್ಷೆ ಹಾಗೆ ಹೇಳೇ ಇಲ್ಲ' ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಟೀ ಕೊಟ್ಟು, ಅತ್ತರೆ ಊದುತ್ತದೆ ಎಂದೆ. ಟೀ ಮುಗಿಯುವುದರೊಳಗೆ ಅವಳು ನನಗೆ ಎಲ್ಲ ಬಿಡಿಸಿ ಹೇಳಿದಳು. ಬಾವಿಯ ಮುಚ್ಚಳ ತೆಗೆಯದ ಕಡೆ ಅವಳ ಬಳಿ ಸಂಖ್ಯೆಯೇ ಇಲ್ಲ. ಹಾಗಿರುವಾಗ ಕಂಪ್ಯೂಟರ್ ಏನು ಮಾಡುತ್ತದೆಂದರೆ, ಮನೆಯಲ್ಲಿ ಸಕ್ಕರೆ ಮುಗಿದಾಗ ನಾವು ಪಕ್ಕದ ಮನೆಯಿಂದ ಕಡ ತರುವುದಿಲ್ಲವೇ, ಹಾಗೆ ಹತ್ತಿರದ ಬಾವಿಯ ಸಂಖ್ಯೆಯನ್ನು ಕಡ ತಂದು ಬಣ್ಣ ತುಂಬುತ್ತದೆ. ಮೇಲಿನ ತುದಿಯಲ್ಲಿ ತೆರೆದ ಬಾವಿ ನಿನ್ನದೊಂದೇ. ನಿನ್ನ ಕೆಂಪನ್ನೇ ಕಡ ತಂದು ಬೇಕರಿಗೆ, ಟೈಲರಿಗೆ, ನಮಗೆ ಎಲ್ಲರಿಗೂ ಬಳಿದಿದೆ. ನೋಡಿದವರಿಗೆ ಅದು ನಿನ್ನ ಮನೆಯಿಂದ ಹರಡಿದ ಹಾಗೆ ಕಾಣಿಸಿತು. ಸಕ್ಕರೆ ಕಡ ಕೊಟ್ಟವನನ್ನೇ ಹಿಡಿದು ಸಕ್ಕರೆ ಕಳ್ಳ ಅಂದ ಹಾಗಾಯಿತು, ನೋಡು! ಎಲ್ಲೆಲ್ಲಿ ಗೊತ್ತಿಲ್ಲ ಎಂದು ಬೂದುಚುಕ್ಕೆ ಇಟ್ಟು ತೋರಿಸುವ ಇನ್ನೊಂದು ಹಾಳೆಯನ್ನೂ ಅವಳು ಕಳಿಸಿದ್ದಳು. ಗ್ರಂಥಾಲಯದವನು 'ಬಣ್ಣ ಇಲ್ಲದ್ದನ್ನ ಯಾರು ನೋಡ್ತಾರೆ' ಎಂದು ಅದನ್ನು ಮಡಚಿ ಒಳಗಿಟ್ಟಿದ್ದ.

ನಿನ್ನೆ ಸಂಜೆ ಗ್ರಂಥಾಲಯದ ಜಗಲಿಯಲ್ಲಿ ಎಲ್ಲರನ್ನೂ ಸೇರಿಸಿದಳು. ಟೈಲರ್ ಕೈಕಟ್ಟಿ ನಿಂತು, 'ಮೇಡಂ, ಕೆಂಪು ಎಲ್ಲಿದೆಯೋ ಕಳ್ಳ ಅಲ್ಲೇ ಇರೋದು. ಇದಕ್ಕೆ ಓದು ಬೇಕಾ?' ಎಂದ. 'ಕಳ್ಳ ಅಂತ ಒಬ್ಬ ಇದ್ದಿದ್ರೆ ನನ್ನ ಕೆಲಸ ಎಷ್ಟು ಸಲೀಸಾಗಿರ್ತಿತ್ತು' ಎಂದಳು ಅವಳು. ಹಿತ್ತಲ ಮಣ್ಣುಗಳ ಲೆಕ್ಕ ತೆಗೆದಳು. ಪ್ರತಿ ಮನೆಯ ಕಕ್ಕಸಿನ ಗುಂಡಿ, ತರಕಾರಿಗೆ ಸುರಿಯುವ ಬಿಳಿಗೊಬ್ಬರ, ಕೋಳಿಗಳು, ನಿನ್ನ ಹಸುಗಳು, ಎಲ್ಲದರದ್ದೂ ಒಂದೊಂದು ಚಿಟಿಕೆ. ಚಿಟಿಕೆಗಳೆಲ್ಲ ಮಳೆಯ ಜೊತೆ ನೆಲಕ್ಕೆ ಇಳಿಯುತ್ತವೆ. ಇಳಿಯುವುದೂ ಒಂದು ದಿನದ ಕೆಲಸವಲ್ಲವಂತೆ. ನಮ್ಮ ನೆಲದ ಪದರಗಳನ್ನೆಲ್ಲ ಲೆಕ್ಕಕ್ಕೆ ಹಾಕಿ ಕಂಪ್ಯೂಟರಿನಲ್ಲಿ ಮಳೆ ಸುರಿಸಿ ನೋಡಿದ್ದಾಳೆ. ಮೇಲೆ ಬಿದ್ದದ್ದು ಬಾವಿಯ ತಳ ಮುಟ್ಟಲು ಹೆಚ್ಚುಕಡಿಮೆ ಒಂದು ತಲೆಮಾರು ಹಿಡಿಯುತ್ತದೆ. 'ಈಗ ನೀವು ಸೇದ್ತಾ ಇರೋದು ಟೈಲರ್ ಅವರು ಚಡ್ಡಿ ಹಾಕ್ತಿದ್ದಾಗಿನ ಮಳೆ' ಎಂದಳು. 'ಹಾಗಾದ್ರೆ ಇದೆಲ್ಲಾ ನಮ್ಮ ಮಾವನ ಕಾಲದ್ದು! ನಾನು ಮೊದಲಿಂದ ಹೇಳ್ತಾನೇ ಬಂದೆ, ಆ ಮನುಷ್ಯ ಸರಿಯಿಲ್ಲ ಅಂತ' ಎಂದಳು ಬೇಕರಿಯಾಕೆ. ಜಗಲಿ ಹಾರಿಹೋಗುವ ಹಾಗೆ ನಕ್ಕರು. ಆದರೆ ತಮ್ಮಾ, ನಿನ್ನ ಪಾಲೇ ಇಲ್ಲ ಎಂದು ಅವಳು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ನಿನ್ನ ಹಸುಗಳ ಲೆಕ್ಕ ನಮ್ಮ ಮೊಮ್ಮಕ್ಕಳ ಕೊಡಕ್ಕೆ ಬರುತ್ತದೆ. ಸಗಣಿ ಗುಂಡಿಗೆ ಗಾರೆಯ ತಳ, ಮೇಲೊಂದು ತಗಡು ಬೇಕೇ ಬೇಕಂತೆ. ನನ್ನ ಬದನೆಗಿಡಕ್ಕೆ ಹಾಕುವ ಗೊಬ್ಬರವನ್ನು ನೋಡಿ, 'ಗಿಡ ಸಾಕ್ತಿದ್ದೀರೋ ಆನೆ ಸಾಕ್ತಿದ್ದೀರೋ' ಎಂದು ನನಗೂ ಬೈದಿದ್ದಾಳೆ.

ನಕ್ಕವರೆಲ್ಲ ಸುಮ್ಮನಾದ ಮೇಲೂ ಟೈಲರ್ ಮುಖ ಸಡಿಲವಾಗಲಿಲ್ಲ. ಅವನ ಹೆಂಡತಿ ಕೂಸಿಗೆಂದು ಬಾವಿಯ ನೀರನ್ನು ಗಂಟೆಗಟ್ಟಲೆ ಕುದಿಸುತ್ತಿದ್ದಳಂತೆ. ಕುದಿಸಿದರೆ ಇದು ಹೋಗುವುದಿಲ್ಲ, ನೀರು ಬತ್ತಿ ಇನ್ನೂ ಗಟ್ಟಿಯಾಗುತ್ತದೆ ಎಂದು ಮೇಡಂ ಹೇಳಿದಾಗ ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಕೂಸು ಚೆನ್ನಾಗಿದೆ, ಗಾಬರಿಯಾಗಬೇಡ. ಡಾಕ್ಟರ್ ನೋಡಿದ್ದಾರೆ, ಈಗ ನೀರಿನ ಆಫೀಸಿನವರು ಅದಕ್ಕೆ ಬೇರೆ ಕ್ಯಾನು ಕಳಿಸುತ್ತಿದ್ದಾರೆ. ಆದರೂ ಟೈಲರ್, 'ಲೆಕ್ಕ ಸರಿ ಇರಬಹುದು. ಅವನು ಹೋದದ್ದು ಬೀದಿಗೆ ಒಳ್ಳೇದೇ ಆಯ್ತು ಅಲ್ವಾ?' ಎಂದ. ಆಗ ನಾನು ಎದ್ದೆ. ನಿನ್ನ ಭಾವ ನನ್ನ ಸೆರಗು ಜಗ್ಗಿದರು, ಜಗಳಕ್ಕೆ ಹೊರಟಳು ಎಂದುಕೊಂಡು. ನಾನು ಜಗಳವಾಡಲಿಲ್ಲ, ಅಜ್ಜಿಯ ಕಥೆ ಹೇಳಿದೆ. ಅವಳ ಹಾಗೇ ಕೈ ಆಡಿಸಿ, ಬಾಣಲೆಯನ್ನು ತಲೆಗೆ ಹಾಕಿಕೊಂಡು ಹೋಗುವುದನ್ನು ನಡೆದು ತೋರಿಸಿದೆ. ಗೋಡೆಗೆ ಬೈಯುವವನ ಹತ್ತಿರ ಬಂದಾಗ ಮಕ್ಕಳು ಉರುಳಾಡಿ ನಕ್ಕವು. ದೊಡ್ಡವರು ಅಷ್ಟಾಗಿ ನಗಲಿಲ್ಲ. ಕಥೆ ಮುಗಿಯಿತು. ಯಾರಾದರೂ ಕೇಳಲಿ ಎಂದು ಕಾದೆ. ಬಹಳ ಹೊತ್ತಾದ ಮೇಲೆ ಟೈಲರ್ ನೆಲ ನೋಡುತ್ತಾ, 'ಅಕ್ಕಾ... ಕಾಳು ಹುರಿಯೋನು ಎಲ್ಲಿಗೆ ಹೋದ?' ಎಂದ. ನಾನು, 'ಅವನು ಮಾವನ ಮನೆಯಲ್ಲಿದ್ದಾನೆ. ಸೊಂಟನೋವಂತೆ' ಎಂದೆ. ಎಲ್ಲರೂ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದರು.

ಇವತ್ತು ಬೆಳಗ್ಗೆ ಹಾಲು ಕಾಯಿಸುತ್ತಿದ್ದೆ, ಬೇಕರಿಯ ಹಿತ್ತಲಿನಿಂದ ಢಣಢಣ ಸದ್ದು. ಇಣುಕಿದರೆ ಬೇಕರಿಯಾಕೆ ಡಬ್ಬದ ಗೋಪುರವನ್ನು ತಾನೇ ಕೆಡವುತ್ತಿದ್ದಾಳೆ. ಅದರಾಚೆ ಟೈಲರ್ ಹೂವಿನ ಕುಂಡಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಬುಡಕ್ಕೆ ಇಡುತ್ತಿದ್ದ, ಹೆಂಡತಿ ಮುಚ್ಚಳದ ಇನ್ನೊಂದು ತುದಿ ಹಿಡಿದಿದ್ದಳು. ನಾನು ತಿರುಗಿ ನಿನ್ನ ಭಾವನನ್ನು ನೋಡಿದೆ, ಅಷ್ಟೆ. ಅವರು ಎದ್ದು ಹೋಗಿ, ಮತ್ತೆ ಕಾವಿಗೆ ಕೂತ ಕೋಳಿಯ ಸಮೇತ ಗೂಡನ್ನು ಎತ್ತಿಕೊಂಡು, ಕೋಳಿ ಬೈಯುತ್ತಿದ್ದರೂ ಕೇಳದೆ, ಮೆಲ್ಲಗೆ ಹೆಜ್ಜೆ ಇಡುತ್ತಾ ಅಂಗಳ ದಾಟಿದರು. ಮಂಡಿನೋವಿನ ಸುದ್ದಿಯೇ ಇಲ್ಲ. ಮೇಡಂ ಸೀಸೆಗಳ ಬುಟ್ಟಿ ಹಿಡಿದು ಮಹಡಿಯಿಂದ ಇಳಿದು ಬರುವಷ್ಟರಲ್ಲಿ, ಮೇಲಿನ ತುದಿಯಲ್ಲಿ ನಮ್ಮ ಬಾವಿಗಳೆಲ್ಲ ಆಕಾಶ ನೋಡುತ್ತಿದ್ದವು.

ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು, ಮಾವನವರಿಗೆ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು, ಭಾರ ಎತ್ತಬೇಡ. ನೀವಿಬ್ಬರೂ ನೂರು ಕಾಲ ತಣ್ಣಗಿರಿ.

ನಿನ್ನ
ಅಕ್ಕ

ತಾ.ಕ.: ಪೋಸ್ಟಿನವನು ಗೇಟಿನಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಎಲ್ಲ ಬಾವಿಗಳ ನೀರೂ ಸಿಕ್ಕಿತು, ನಿನ್ನದೊಂದು ಬಿಟ್ಟು. ಹೊಸ ನಕ್ಷೆಯಲ್ಲಿ ನಿನ್ನ ಮನೆ ಇರುವಲ್ಲಿ ಖಾಲಿ ಬಿಡುತ್ತಾಳಂತೆ, ಈ ಸಲ ಯಾರಿಂದಲೂ ಕಡ ತರುವುದಿಲ್ಲವಂತೆ. ನಿನ್ನ ಭಾವ ಸುತ್ತಿಗೆ ತೆಗೆದುಕೊಂಡು ನಿನ್ನ ಬಾವಿಯ ಬೀಗ ಒಡೆಯಲು ಹೊರಟಿದ್ದರು. ಅಡ್ಡ ನಿಂತವನು ಟೈಲರ್. 'ಬೇಡ ಅಣ್ಣಾ. ಮೊದಲು ತೆಗೆದವನು ಅವನೇ, ಇದನ್ನೂ ಅವನೇ ತೆಗೀಲಿ' ಎಂದ. ಅದಕ್ಕೇ ಹೇಳುತ್ತಿದ್ದೇನೆ ತಮ್ಮಾ, ಬೀಗದ ಕೈಯನ್ನು ಪೋಸ್ಟಿನಲ್ಲಿ ಕಳಿಸಿಬಿಡಬೇಡ. ನೀನೇ ತಾ.